ಯೆಜ್ಡಿ ರೋಡ್‌ಕಿಂಗ್: ಬಲಬದಿಯ ಸೈಲೆನ್ಸರ್ ನಟ್ ಕಚ್ಚಿಕೊಂಡಿದೆ, ಬ್ಲಾಕ್ ಕೆಡದಂತೆ ಬಿಚ್ಚುವುದು ಹೇಗೆ?

ಪಾಂಡವಪುರದ ರೋಡ್‌ಕಿಂಗ್

ಎಲ್ಲರಿಗೂ ನಮಸ್ಕಾರ. ತಂದೆಯವರ ಯೆಜ್ಡಿ ರೋಡ್‌ಕಿಂಗ್ ಬೈಕನ್ನು ಮತ್ತೆ ರಸ್ತೆಗೆ ಇಳಿಸುವ ಕೆಲಸ ಹಿಡಿದಿದ್ದೇನೆ. 1980ರ ದಶಕದ ಗಾಡಿ. ಆಲೆಮನೆಯ ಪಕ್ಕದ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿತ್ತು. ಬಲಬದಿ ಬಾಗಿಲ ಕಡೆಗಿದ್ದುದರಿಂದ ಪ್ರತಿ ಮಳೆಗಾಲದಲ್ಲೂ ಎರಚಲು ಬಡಿದಿದೆ. ಬೋರ್ (ಪಿಸ್ಟನ್ ಓಡಾಡುವ ಕೊಳವೆ) ನೋಡಿಸಲು ಬ್ಲಾಕ್, ಅಂದರೆ ಸಿಲಿಂಡರ್ ಇಳಿಸಬೇಕು, ಅದಕ್ಕೆ ಮೊದಲು ಬ್ಲಾಕಿನಿಂದ ಸೈಲೆನ್ಸರಿಗೆ ಹೋಗುವ ಎರಡೂ ಬೆಂಡ್ ಪೈಪ್ ಬಿಚ್ಚಬೇಕು. ಬೆಂಡನ್ನು ಬ್ಲಾಕಿಗೆ ಹಿಡಿದಿರುವ ದುಂಡು ನಟ್‌ಗಳಲ್ಲಿ ಎಡಗಡೆಯದು ಹುಕ್ ಪಾನಾಕ್ಕೆ (ಕೊಕ್ಕೆಯ ಪಾನಾ) ಸುಲಭವಾಗಿ ತಿರುಗಿತು. ಬಲಗಡೆಯದು ಅಲುಗಾಡುತ್ತಲೇ ಇಲ್ಲ. ನಟ್ ಬ್ಲಾಕಿಗೆ ಸೇರುವ ಕಡೆ ಕಪ್ಪು ಎಣ್ಣೆ ಒಸರಿ ಗಟ್ಟಿಯಾಗಿದೆ, ಅದರ ಮೇಲೆ ಕೆಂಪು ತುಕ್ಕು ಕೂತಿದೆ. ಎಲ್ಲಿ ನಟ್ ಮುಗಿದು ಎಲ್ಲಿ ಬ್ಲಾಕ್ ಶುರುವಾಗುತ್ತದೆ ಎಂದು ಬೆರಳಿಗೂ ಸಿಗುವುದಿಲ್ಲ.

ಇಲ್ಲಿನ ಒಂದು ಗ್ಯಾರೇಜಿಗೆ ಒಯ್ದಿದ್ದೆ. ನಟ್ಟಿನ ಕಚ್ಚಿಗೆ (ಪಾನಾ ಹಿಡಿಯುವ ತೋಡು) ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದರು; ಒಂದು ಕಚ್ಚಿನ ಅಂಚು ಹಾರಿಹೋಯಿತು. ಆಮೇಲೆ, ಗ್ಯಾಸ್ ಕಟ್ಟರ್ ಹಿಡಿದು ಕತ್ತರಿಸಿಬಿಡೋಣ, ಹೊಸ ಸೈಲೆನ್ಸರ್ ಜೋಡಿ ಹಾಕಿಸಿ ಎಂದರು. ಗಾಡಿಯನ್ನು ವಾಪಸು ತಂದೆ. ಇವು ಕಾರ್ಖಾನೆಯಿಂದ ಗಾಡಿಯ ಜೊತೆಯಲ್ಲೇ ಬಂದ ಸೈಲೆನ್ಸರ್‌ಗಳು. ಎಡಗಡೆಯದರ ಕ್ರೋಮ್ ಇಂದಿಗೂ ಹೊಳೆಯುತ್ತದೆ. ಅವನ್ನು ಉಳಿಸಿಕೊಳ್ಳಬೇಕು. ತಿಳಿದವರು ದಾರಿ ಹೇಳಬೇಕೆಂದು ಕೋರುತ್ತೇನೆ.

ಮಂಡಿ ಮೊಹಲ್ಲಾ

ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ. ಸ್ಪ್ರೇ ಇಲ್ಲದಿದ್ದರೆ ಡೀಸೆಲ್ ಕೂಡ ಆಗುತ್ತದೆ. ಬೆಳಿಗ್ಗೆ ಪಾನಾಕ್ಕೆ ಉದ್ದನೆಯ ಪೈಪ್ ತೊಡಿಸಿ ಎಳೆಯಿರಿ.

ಯಾದವಗಿರಿ ಹಿರಿಯ

ಎಣ್ಣೆ ಹಾಕುವುದು ಸರಿ, ಪೈಪ್ ತೊಡಿಸುವುದು ಬೇಡ. ಕಾರಣ ಹೇಳುತ್ತೇನೆ.

ರೋಡ್‌ಕಿಂಗ್ ಬ್ಲಾಕ್ ಎರಕದ ಕಬ್ಬಿಣದ್ದು. ಎರಕ ಅದುಮುವ ಭಾರವನ್ನು ಎಷ್ಟು ಬೇಕಾದರೂ ಹೊರುತ್ತದೆ, ಆದರೆ ಅಡ್ಡ ಎಳೆತ ಮತ್ತು ಏಟನ್ನು ತಾಳುವುದಿಲ್ಲ. ಬಾಗಿ ಎಚ್ಚರಿಕೆ ಕೊಡುವ ಗುಣವೂ ಅದಕ್ಕಿಲ್ಲ, ನೇರವಾಗಿ ಒಡೆಯುತ್ತದೆ. ಸೈಲೆನ್ಸರ್ ನಟ್ ಕೂರುವ ಕೊರಳು ಬ್ಲಾಕಿನದೇ ಭಾಗ. ಉದ್ದನೆಯ ಪೈಪ್ ತೊಡಿಸಿ ಎಳೆದಾಗ ನಿಮ್ಮ ಬಲದ ಒಂದು ಪಾಲು ನಟ್ಟನ್ನು ತಿರುಗಿಸುತ್ತದೆ, ಉಳಿದದ್ದು ಆ ಕೊರಳನ್ನು ಮುರಿಯಲು ಹೋಗುತ್ತದೆ. 1961ರಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಗಾಡಿ ಹೊರಬಿಟ್ಟ ನಮ್ಮ ಮೈಸೂರಿನ ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು. ನಟ್ ಬೇಕೆಂದರೆ ಲೇತಿನಲ್ಲಿ ಮಾಡಿಸಬಹುದು. ಬೆಂಡ್ ಬೇಕೆಂದರೆ ಬಾಗಿಸಿ ಕೊಡುವವರಿದ್ದಾರೆ. ಸೈಲೆನ್ಸರ್ ಜೋಡಿ ಅಂಗಡಿಯಲ್ಲಿ ಸಿಗುತ್ತದೆ. ಕಾರ್ಖಾನೆಯ ಬ್ಲಾಕ್ ಮಾತ್ರ ಮತ್ತೆ ಬರುವುದಿಲ್ಲ. ಹಾಗಾಗಿ ಏನನ್ನಾದರೂ ಬಲಿ ಕೊಡಲೇಬೇಕಾಗಿ ಬಂದರೆ ಮೊದಲು ನಟ್, ಆಮೇಲೆ ಬೆಂಡ್, ಕೊನೆಗೆ ಸೈಲೆನ್ಸರ್. ಬ್ಲಾಕ್ ಈ ಪಟ್ಟಿಯಲ್ಲೇ ಇಲ್ಲ. ಇಷ್ಟನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಪಾನಾ ಕೈಗೆತ್ತಿಕೊಳ್ಳಿ.

ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆ ಪೆಟ್ರೋಲಿನ ಜೊತೆಗೇ ಒಳಗೆ ಹೋಗುತ್ತದೆ. ಉರಿಯದೆ ಉಳಿದ ಎಣ್ಣೆ ಹೊಗೆಯೊಂದಿಗೆ ಹೊರಬಂದು, ಸಂದಿಯಲ್ಲಿ ಹೊಗೆ ಸೋರದಂತೆ ಕೂರಿಸಿದ ಪ್ಯಾಕಿಂಗ್ ಸವೆದಿದ್ದರೆ ನಟ್ಟಿನ ಥ್ರೆಡ್ಡಿಗೆ ಇಳಿಯುತ್ತದೆ. ಅಲ್ಲಿನ ಬಿಸಿಗೆ ಸುಟ್ಟು ಕಾರ್ಬನ್ ಆಗಿ ಕೂರುತ್ತದೆ. ಗಾಡಿ ನಿಂತ ಮೇಲೆ ಹೊರಗಿನಿಂದ ನೀರು ತಾಗಿ ತುಕ್ಕೂ ಸೇರಿಕೊಳ್ಳುತ್ತದೆ. ಬರಿಯ ತುಕ್ಕಾದರೆ ಎಣ್ಣೆಗೆ ಬಿಡುತ್ತದೆ. ಕಾರ್ಬನ್ನಿಗೆ ಎಣ್ಣೆ ಬೇಗ ಇಳಿಯುವುದಿಲ್ಲ, ಅದಕ್ಕೆ ಬಿಸಿ ಬೇಕು. ನಿಮ್ಮ ಗಾಡಿಯಲ್ಲಿ ಎರಡೂ ಕೂಡಿವೆ.

ಈಗ ಕೆಲಸದ ಕ್ರಮ. ಎಲ್ಲರೂ ಮುಂದಿನ ನಟ್ಟಿನಿಂದ ಆರಂಭಿಸುತ್ತಾರೆ. ನೀವು ಹಿಂದಿನಿಂದ ಆರಂಭಿಸಿ. ಸೈಲೆನ್ಸರನ್ನು ಫ್ರೇಮಿಗೆ ಹಿಡಿದಿರುವ ಹಿಂಬದಿಯ ಬೋಲ್ಟ್ ಮತ್ತು ಬೆಂಡ್ ಹಾಗೂ ಸೈಲೆನ್ಸರ್ ಸೇರುವ ಕಡೆಯ ಕ್ಲ್ಯಾಂಪ್, ಎರಡನ್ನೂ ಸಡಿಲಿಸಿ. ಪೂರ್ತಿ ತೆಗೆಯಬೇಡಿ. ಸೈಲೆನ್ಸರಿನ ಕೆಳಗೆ ಮರದ ತುಂಡು ಕೊಟ್ಟು ಅದರ ಭಾರ ನೆಲಕ್ಕೆ ಹೋಗುವಂತೆ ಮಾಡಿ. ಸೈಲೆನ್ಸರ್ ತನ್ನ ಭಾರದಿಂದ ಬೆಂಡನ್ನು ಓರೆಯಾಗಿ ಎಳೆಯುತ್ತಿದ್ದರೆ ನಟ್ಟಿನ ಥ್ರೆಡ್ ಒಂದು ಮಗ್ಗುಲಿಗೆ ಒತ್ತಿಕೊಂಡಿರುತ್ತದೆ. ಎಷ್ಟೋ ಗಾಡಿಗಳಲ್ಲಿ ಈ ಎಳೆತ ತಪ್ಪಿಸಿದ ಕೂಡಲೇ ನಟ್ ತಿರುಗಿದ್ದನ್ನು ಕಂಡಿದ್ದೇನೆ.

ಎರಡನೆಯದಾಗಿ, ಎಡಗಡೆಯ ಬೆಂಡ್ ಈಗಾಗಲೇ ತೆಗೆದಿದ್ದೀರಿ. ಆ ರಂಧ್ರದಲ್ಲಿ ಟಾರ್ಚ್ ಬಿಟ್ಟು ನೋಡುತ್ತಾ, ಕಿಕ್ ಅನ್ನು ಮೆಲ್ಲಗೆ ಒತ್ತಿ ಪಿಸ್ಟನ್ನನ್ನು ಮೇಲಕ್ಕೆ ತನ್ನಿ. ಪಿಸ್ಟನ್ ಮೇಲಿದ್ದಾಗ ಅದರ ಕೆಳಭಾಗ ಹೊಗೆ ಹೊರಹೋಗುವ ಎಗ್ಸಾಸ್ಟ್ ಕಿಂಡಿಗಳನ್ನು ಮುಚ್ಚುತ್ತದೆ. ಉದುರುವ ತುಕ್ಕು, ಕಾರ್ಬನ್ ಪುಡಿ ಬೋರಿನೊಳಗೆ ಹೋಗುವುದಿಲ್ಲ. ಕಿಂಡಿಗೆ ಬಟ್ಟೆಯನ್ನೂ ತುರುಕಿ.

ಕೊನೆಯದು ಪಾನಾ. ಮಾರುಕಟ್ಟೆಯ ತೆಳು ಹುಕ್ ಪಾನಾ ಕಚ್ಚಿನ ಹೊರ ಅಂಚನ್ನಷ್ಟೇ ಹಿಡಿಯುತ್ತದೆ, ಜಾರಿದರೆ ಅಂಚು ಹೋಗುತ್ತದೆ. ಹಳೆಯ ಕಮಾನು ಪಟ್ಟಿಯಿಂದ (ಲೀಫ್ ಸ್ಪ್ರಿಂಗ್) ನಟ್ಟಿನ ದುಂಡಗೆ ಸರಿಯಾಗಿ ಅಪ್ಪಿಕೊಳ್ಳುವ, ಕಚ್ಚಿನ ಪೂರ್ತಿ ಆಳಕ್ಕೆ ಇಳಿಯುವ ಪಾನಾ ಮಾಡಿಸಿ. ಮುರಿದ ಕಚ್ಚಿನ ಎದುರಿನ ಕಚ್ಚನ್ನು ಹಿಡಿಯಿರಿ. ಥ್ರೆಡ್ ಸಾಮಾನ್ಯ ಬಲಥ್ರೆಡ್; ಗಾಡಿಯ ಮುಂದೆ ನಿಂತು ನಟ್ಟನ್ನು ನೇರವಾಗಿ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ ಬಿಚ್ಚಬೇಕು.

ಪಾಂಡವಪುರದ ರೋಡ್‌ಕಿಂಗ್

ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಹಿಂಬದಿಯ ಬೋಲ್ಟ್ ಸಡಿಲಿಸಿದಾಗ ಸೈಲೆನ್ಸರ್ ಅರ್ಧ ಇಂಚಿನಷ್ಟು ಕೆಳಗಿಳಿದು ಹೊರಕ್ಕೆ ತಿರುಗಿತು. ಎಳೆತ ಇದ್ದದ್ದು ನಿಜ. ಆದರೂ ನಟ್ ಬಿಡಲಿಲ್ಲ. ಇನ್ನು ಬಿಸಿ ಮಾಡಬೇಕೆಂದಾದರೆ ಯಾವುದರಿಂದ, ಎಷ್ಟು? ಕ್ರೋಮ್ ಹಾಳಾಗುವುದಿಲ್ಲವೇ?

ಹೆಬ್ಬಾಳ ಲೇತ್

ನಟ್ಟಿನ ಕ್ರೋಮಿನ ಆಸೆ ಬಿಡಿ. 300 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕ್ರೋಮ್ ನೀಲಿ ತಿರುಗಲು ಆರಂಭಿಸುತ್ತದೆ. ಬೆಂಡಿನ ಮೇಲೆ ಒದ್ದೆ ಬಟ್ಟೆ ಸುತ್ತಿದರೆ ಅದು ಉಳಿಯುತ್ತದೆ.

ಬಿಸಿಯ ಲೆಕ್ಕ ಸರಳ. ಉಕ್ಕು ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತದೆ. ನಟ್ಟಿನ ಒಳವ್ಯಾಸ 50 ಮಿ.ಮೀ. ಎಂದುಕೊಂಡು, ಕೊರಳಿಗಿಂತ ಅದು 200 ಡಿಗ್ರಿ ಹೆಚ್ಚು ಬಿಸಿಯಾಗಿದೆ ಎನ್ನಿ. ವ್ಯಾಸ 0.12 ಮಿ.ಮೀ. ಹೆಚ್ಚುತ್ತದೆ. ಕಾಗದದ ಹಾಳೆಯೊಂದರ ದಪ್ಪದಷ್ಟು. ಕಚ್ಚಿಕೊಂಡ ಥ್ರೆಡ್ಡಿಗೆ ಅಷ್ಟು ಸಾಕು. ಆದರೆ ಆ 200 ಡಿಗ್ರಿ ನಟ್ ಮತ್ತು ಕೊರಳಿನ ನಡುವಿನ ವ್ಯತ್ಯಾಸವಾಗಿರಬೇಕು. ನಿಧಾನವಾಗಿ ಕಾಯಿಸಿದರೆ ಕೊರಳೂ ಜೊತೆಯಲ್ಲೇ ಹಿಗ್ಗಿ ಪ್ರಯೋಜನ ಸೊನ್ನೆಯಾಗುತ್ತದೆ. ಆದ್ದರಿಂದ ಸಣ್ಣ, ಚೂಪಾದ, ಜೋರಾದ ಜ್ವಾಲೆ ಬೇಕು. ಜ್ವಾಲೆಯನ್ನು ನಟ್ಟಿನ ಸುತ್ತ ಬೇಗ ಬೇಗ ಆಡಿಸಬೇಕು, ಒಂದೇ ಕಡೆ ನಿಲ್ಲಿಸಬಾರದು. ಕೆಂಪಗಾಗುವವರೆಗೆ ಹೋಗುವ ಅಗತ್ಯವಿಲ್ಲ.

ಕಾಯಿಸಿ ಕೂಡಲೇ ಪಾನಾ ಹಾಕಿ, ಹುಕ್ಕಿನ ಹತ್ತಿರ ಪಾನಾದ ಮೇಲೆ ಸಣ್ಣ ಸುತ್ತಿಗೆಯಿಂದ ಟಕಟಕ ಬಡಿಯಿರಿ. ಎಳೆಯುವುದಕ್ಕಿಂತ ಈ ಸಣ್ಣ ಏಟುಗಳು ಕಾರ್ಬನ್ನನ್ನು ಪುಡಿ ಮಾಡುತ್ತವೆ. ಬಿಡದಿದ್ದರೆ ನಟ್ ಬಿಸಿಯಿರುವಾಗಲೇ ಅಂಚಿಗೆ ಮೇಣದ ಬತ್ತಿ ಮುಟ್ಟಿಸಿ. ಮೇಣ ಕರಗಿ ಸಂದಿಗೆ ಇಳಿಯುತ್ತದೆ. ತಣ್ಣಗಾಗಲು ಬಿಡಿ, ಮತ್ತೆ ಕಾಯಿಸಿ. ಹೀಗೆ ಹಿಗ್ಗಿ ಕುಗ್ಗಿ ಹಿಡಿತ ಸಡಿಲುತ್ತದೆ. ಬೇಗ ತಣಿಯಲೆಂದು ನೀರು ಮಾತ್ರ ಹೊಯ್ಯಬೇಡಿ. ಬಿಸಿ ಎರಕಕ್ಕೆ ತಣ್ಣೀರು ಬಿದ್ದರೆ ಬಿರುಕು ಗ್ಯಾರಂಟಿ.

ಬೆಂಕಿ ಹಚ್ಚುವ ಮೊದಲು ಪೆಟ್ರೋಲ್ ಟ್ಯಾಂಕ್ ಕಳಚಿ ದೂರ ಇಡಿ. ಕಾಕ್ ಮುಚ್ಚಿದ್ದೇನೆ ಎಂದರೆ ಸಾಲದು. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿರುವ ಪೆಟ್ರೋಲನ್ನೂ ಹರಿಸಿಬಿಡಿ. ತುಕ್ಕಿನ ಸ್ಪ್ರೇ ಹೊಡೆದಿದ್ದರೆ ಒರೆಸಿ, ಆರಲು ಬಿಡಿ. ಬಿಸಿ ನಟ್ಟಿನ ಮೇಲೆ ಸ್ಪ್ರೇ ಹೊಡೆದರೆ ಹೊತ್ತಿಕೊಳ್ಳುತ್ತದೆ. ಕೊಟ್ಟಿಗೆಯಲ್ಲಿ ಒಣ ಹುಲ್ಲು ಇದ್ದರೆ ಗಾಡಿಯನ್ನು ಅಂಗಳಕ್ಕೆ ತನ್ನಿ, ಪಕ್ಕದಲ್ಲಿ ಒಂದು ಬಕೆಟ್ ಮರಳಿರಲಿ.

ಇಷ್ಟಕ್ಕೂ ಬಿಡದಿದ್ದರೆ ನಟ್ಟನ್ನು ಕೊಯ್ಯುವುದೇ ದಾರಿ. ಒಂದು ಕಚ್ಚಿನ ತಳದಿಂದ ಹ್ಯಾಕ್ಸಾ ಬ್ಲೇಡಿನಲ್ಲಿ ಉದ್ದುದ್ದಕ್ಕೆ ಕೊಯ್ಯಿರಿ. ಥ್ರೆಡ್ ಕಾಣುವ ಮೊದಲೇ ನಿಲ್ಲಿಸಿ. ಆ ಗೀರಿಗೆ ಅಗಲವಾದ ಉಳಿ ಇಟ್ಟು ಅರೆ ತಿರುವಿದರೆ ನಟ್ ಬಾಯಿ ಬಿಡುತ್ತದೆ. ಗ್ರೈಂಡರ್ ಬೇಡ. ಅದರ ಚಕ್ರ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕೊರಳಿಗೆ ಇಳಿದಿರುತ್ತದೆ.

ಸರಸ್ವತಿಪುರಂ 250

ಇಷ್ಟೆಲ್ಲ ಕಷ್ಟ ಯಾಕೆ? ಕತ್ತರಿಸಿ, ಒಳಗೆ ಶಬ್ದ ತಗ್ಗಿಸುವ ಜಾಳಿಗೆ ಇಲ್ಲದ ನೇರ ಪೈಪ್ ಹಾಕಿಸಿ. ಶಬ್ದವೂ ಚೆನ್ನಾಗಿರುತ್ತದೆ, ಓಟವೂ ಹೆಚ್ಚುತ್ತದೆ.

ಯಾದವಗಿರಿ ಹಿರಿಯ

ಓಟ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ. ಈ ಎರಡು ಸ್ಟ್ರೋಕ್ ಎಂಜಿನ್ನಿಗೆ ಕವಾಟಗಳಿಲ್ಲ. ಹೊಸ ಪೆಟ್ರೋಲ್ ಮಿಶ್ರಣ ಒಳಗೆ ಬರುವಾಗ ಎಗ್ಸಾಸ್ಟ್ ಕಿಂಡಿ ಇನ್ನೂ ತೆರೆದೇ ಇರುತ್ತದೆ. ಆ ಮಿಶ್ರಣ ಹಾಗೆಯೇ ಹೊರಗೆ ಓಡದಂತೆ ತಡೆಯುವುದರಲ್ಲಿ ಪೈಪ್ ಮತ್ತು ಸೈಲೆನ್ಸರಿನೊಳಗೆ ಹಿಂದಕ್ಕೆ ಮರಳುವ ಒತ್ತಡದ ಅಲೆಗೆ ದೊಡ್ಡ ಪಾತ್ರವಿದೆ. ಉದ್ದ, ಅಗಲ, ಒಳಗಿನ ಜಾಳಿಗೆ ಎಲ್ಲವೂ ಆ ಲೆಕ್ಕಕ್ಕೆ ಸೇರಿದವು. ಅದನ್ನು ಕಿತ್ತು ನೇರ ಪೈಪ್ ಹಾಕಿದರೆ ಕಡಿಮೆ ವೇಗದಲ್ಲಿ ಎಳೆತ ಸತ್ತುಹೋಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹತ್ತಿ ನೋಡಿ, ನಿಮಗೇ ತಿಳಿಯುತ್ತದೆ.

ಕಾನೂನೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದಂತೆ ಗಾಡಿಗೆ ಸೈಲೆನ್ಸರ್ ಕಡ್ಡಾಯ. ಶಬ್ದದ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಪ್ರಕಾರ 10,000 ರೂಪಾಯಿವರೆಗೆ ದಂಡ ಬೀಳಬಹುದು. ದಂಡದ ಮಾತು ಹಾಗಿರಲಿ. ಜಾವಾ, ಯೆಜ್ಡಿ ಗಾಡಿಗಳ ದನಿಯೇ ಅವುಗಳ ಗುರುತು. ಅಗ್ರಹಾರದ ತಿರುವಿನಲ್ಲಿ ಗಾಡಿ ಕಾಣುವ ಮೊದಲೇ ಯಾವುದು ಬರುತ್ತಿದೆ ಎಂದು ಹೇಳುವವರು ಈ ಊರಿನಲ್ಲಿ ಇನ್ನೂ ಇದ್ದಾರೆ. ಆ ದನಿ ಬರುವುದು ಆ ಎರಡು ಸೈಲೆನ್ಸರ್‌ಗಳಿಂದಲೇ. ಅವನ್ನು ಕಳೆದುಕೊಳ್ಳಬೇಡಿ.

ಸರಸ್ವತಿಪುರಂ 250

ಅಲೆಯ ವಿಷಯ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಧನ್ಯವಾದಗಳು.

ಮಿನೆಸೋಟಾದ ಮದ್ದೂರಿನವಳು

ನನ್ನ ಊರು ಮದ್ದೂರು, ಈಗ ಇರುವುದು ಅಮೆರಿಕದ ಮಿನೆಸೋಟಾದಲ್ಲಿ. ಇಲ್ಲಿ ಚಳಿಗಾಲವೆಂದರೆ ಹಿಮದ ಮೇಲೆ ಓಡುವ ಗಾಡಿ, ಸ್ನೋಮೊಬೈಲ್. ಪೊಲಾರಿಸ್ ಸ್ನೋಮೊಬೈಲ್‌ಗಳು ಹುಟ್ಟಿದ್ದೂ ಇದೇ ರಾಜ್ಯದ ರೋಸೋ ಎಂಬ ಊರಿನಲ್ಲಿ. ನಮ್ಮ ಮನೆಯದು ಎರಡು ಸ್ಟ್ರೋಕಿನ ಗಾಡಿ. ಅದರ ಸೈಲೆನ್ಸರ್ ಬಿಚ್ಚಿದ ಅನುಭವದಿಂದ ನಿಮ್ಮ ಕೆಲಸಕ್ಕೆ ಹೊಂದುವ ಮಾತು ಕೆಲವು ಇವೆ.

ಸ್ನೋಮೊಬೈಲಿನಲ್ಲಿ ಪೈಪನ್ನು ಹಿಡಿದಿರುವುದು ನಟ್ ಅಲ್ಲ, ಸ್ಪ್ರಿಂಗುಗಳು. ಎಂಜಿನ್ನಿನಿಂದ ಹೊರಟ ಕವಲು ಪೈಪ್, ನಡುವಿನ ಉಬ್ಬಿದ ಪೈಪ್, ಕೊನೆಯ ಸೈಲೆನ್ಸರ್, ಇವು ಒಂದರೊಳಗೊಂದು ಕೂತಿರುತ್ತವೆ. ಪ್ರತಿ ಸೇರುವೆಯನ್ನೂ ಬಿಗಿಯಾದ ಸ್ಪ್ರಿಂಗುಗಳು ಎಳೆದು ಹಿಡಿಯುತ್ತವೆ. ಎಂಜಿನ್ ರಬ್ಬರಿನ ಮೇಲೆ ಅಲುಗುತ್ತದೆ, ಪೈಪ್ ಬಿಸಿಗೆ ಹಿಗ್ಗುತ್ತದೆ. ಸ್ಪ್ರಿಂಗ್ ಇದ್ದರೆ ಎರಡಕ್ಕೂ ಜಾಗ ಸಿಗುತ್ತದೆ. ತೆಗೆಯಲು ಹಿಡಿಕೆಯಿರುವ ಕೊಕ್ಕೆ ಸಿಗುತ್ತದೆ. ಇಕ್ಕಳದಿಂದ ಎಳೆಯುವವರ ಕೈಯಿಂದ ಸ್ಪ್ರಿಂಗ್ ಜಾರಿ ಮುಖಕ್ಕೆ ಹಾರುತ್ತದೆ, ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಹೊಸ ಗಾಡಿಗಳಲ್ಲಿ ಪೈಪಿಗೆ ಉಷ್ಣತೆ ಅಳೆಯುವ ಸೆನ್ಸರ್ ಇರುತ್ತದೆ. ಅದರ ತಂತಿಯನ್ನು ಮೊದಲೇ ಬಿಡಿಸದೆ ಪೈಪ್ ಎಳೆದರೆ ತಂತಿ ಹರಿಯುತ್ತದೆ.

ಸ್ಪ್ರಿಂಗ್ ಬಿಟ್ಟ ಮೇಲೂ ಕಾರ್ಖಾನೆಯ ಸೈಲೆನ್ಸರ್ ಹೊರಗೆ ಬರುವುದಿಲ್ಲ. ನಿಮ್ಮಲ್ಲಿ ಆದದ್ದೇ ಇಲ್ಲೂ ಆಗಿರುತ್ತದೆ: ಸುಟ್ಟ ಎಣ್ಣೆ ಸೇರುವೆಯಲ್ಲಿ ಗಟ್ಟಿಯಾಗಿ, ಹಿಮ ಕರಗಿದ ನೀರಿಗೆ ತುಕ್ಕು ಹಿಡಿದಿರುತ್ತದೆ. ಇಲ್ಲಿ ನಾನು ಕಲಿತದ್ದು, ಅದನ್ನು ನೇರ ಹಿಂದಕ್ಕೆ ಎಳೆಯಬಾರದು. ಬಿಸಿಗಾಳಿ ಗನ್ನಿನಿಂದ ಹೊರಗಿನ ಪೈಪನ್ನು ಕಾಯಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೂದಲೆಳೆಯಷ್ಟು ತಿರುವುತ್ತಾ ಬರಬೇಕು. ನಿಮ್ಮ ಬೆಂಡ್ ಸೈಲೆನ್ಸರಿಗೆ ಕೂಡುವ ಜಾಗದಲ್ಲಿ ಇದನ್ನೇ ಮಾಡಿ.

ಪಾಂಡವಪುರದ ರೋಡ್‌ಕಿಂಗ್

ನಟ್ ಬಿಟ್ಟಿತು!

ಹೆಬ್ಬಾಳದವರು ಹೇಳಿದಂತೆ ಟ್ಯಾಂಕ್ ಕಳಚಿ, ಗಾಡಿಯನ್ನು ಅಂಗಳಕ್ಕೆ ತಂದು, ಬೆಂಡಿಗೆ ಒದ್ದೆ ಗೋಣಿ ಸುತ್ತಿದೆ. ಊರಿನ ಕಮ್ಮಾರರು ಟ್ರ್ಯಾಕ್ಟರ್ ಟ್ರೈಲರಿನ ಹಳೆಯ ಕಮಾನು ಪಟ್ಟಿಯಿಂದ ಪಾನಾ ಮಾಡಿಕೊಟ್ಟಿದ್ದರು. ಅವರೇ ಜ್ವಾಲೆಯನ್ನೂ ಹಿಡಿದರು. ಮೊದಲ ಬಾರಿ ಕಾಯಿಸಿದಾಗ ಸಂದಿಯಿಂದ ನೀಲಿ ಹೊಗೆ ಬಂದು ಸುಟ್ಟ ಎಣ್ಣೆಯ ವಾಸನೆ ಹಬ್ಬಿತು, ನಟ್ ಮಾತ್ರ ಅಲುಗಲಿಲ್ಲ. ಮೇಣ ಮುಟ್ಟಿಸಿ ತಣ್ಣಗಾಗಲು ಬಿಟ್ಟೆವು. ಮತ್ತೆ ಕಾಯಿಸಿ ಪಾನಾದ ಮೇಲೆ ಬಡಿಯುತ್ತಿದ್ದಾಗ ಏಟಿನ ಸದ್ದು ಬದಲಾಯಿತು. ಅದುವರೆಗೆ ಗಣಗಣ ಎನ್ನುತ್ತಿದ್ದದ್ದು ಮಂದವಾಯಿತು. ನಟ್ಟಿನ ಅಂಚಿನಲ್ಲಿ ಕಪ್ಪು ಪುಡಿಯ ಸಣ್ಣ ಗೆರೆಯೊಂದು ಕಾಣಿಸಿತು. ಕಮ್ಮಾರರು, ಇನ್ನು ಎಳೆಯಬೇಡಿ, ಹಿಂದಕ್ಕೆ ಬಿಗಿ ಮಾಡಿ ಎಂದರು. ಸ್ವಲ್ಪ ಬಿಗಿಸಿ, ಸ್ವಲ್ಪ ಬಿಚ್ಚಿ, ಮತ್ತೆ ಬಿಗಿಸಿ, ಹೀಗೆ ಮಾಡುತ್ತಾ ಪುಡಿಯೆಲ್ಲ ಹೊರಗೆ ಬಂದು ನಟ್ ಕೈಯಲ್ಲೇ ತಿರುಗುವಂತಾಯಿತು. ಕೊರಳಿನ ಥ್ರೆಡ್ಡಿನಲ್ಲಿ ಒಂದು ಸುತ್ತೂ ಹೋಗಿಲ್ಲ.

ಬೆಂಡ್ ಮತ್ತು ಸೈಲೆನ್ಸರ್ ಕೂಡುವ ಜಾಗವೂ ಮದ್ದೂರಿನವರ ಮಾತಿನಂತೆ ತಿರುವುತ್ತಾ ತಿರುವುತ್ತಾ ಬಿಟ್ಟಿತು. ಈಗ ಸೈಲೆನ್ಸರ್ ಕೈಯಲ್ಲಿದೆ. ಎಡಗಡೆಯದಕ್ಕಿಂತ ಇದು ಭಾರ. ಒಳಗೆ ಕಾರ್ಬನ್ ತುಂಬಿದೆ ಎಂದು ಕಾಣುತ್ತದೆ. ಕೆಲವರು ಬೆಂಕಿಗೆ ಹಾಕಿ ಸುಡಿ ಎನ್ನುತ್ತಿದ್ದಾರೆ.

ಯಾದವಗಿರಿ ಹಿರಿಯ

ಬಿಗಿಸಿ ಬಿಚ್ಚುವ ಕೈಗುಣ ತಿಳಿದ ಕಮ್ಮಾರರಿಗೆ ನನ್ನ ನಮಸ್ಕಾರ ತಿಳಿಸಿ. ಈ ಸಂಗತಿ ನಾನು ಬರೆಯಬೇಕಿತ್ತು ಎನ್ನುವಷ್ಟು ಮುಖ್ಯವಾದದ್ದು. ನಟ್ ಸ್ವಲ್ಪ ಅಲುಗಿತೆಂದು ಒಂದೇ ಸಮನೆ ಬಿಚ್ಚುತ್ತಾ ಹೋದವರ ಥ್ರೆಡ್ ಪುಡಿ ಸಿಕ್ಕಿ ಹರಿಯುತ್ತದೆ.

ಸೈಲೆನ್ಸರನ್ನು ಬೆಂಕಿಗೆ ಹಾಕಬೇಡಿ. ಕ್ರೋಮ್ ಸುಲಿದುಹೋಗುತ್ತದೆ. ಹಿಂದಿನ ತುದಿಯ ಬೋಲ್ಟ್ ಬಿಚ್ಚಿದರೆ ಒಳಗಿನ ಜಾಳಿಗೆ ಹೊರಗೆ ಬರುತ್ತದೆ. ಬರದಿದ್ದರೆ ಬಲವಂತ ಮಾಡದೆ ಕಾಸ್ಟಿಕ್ ಸೋಡಾಗೆ ಬಿಡಿ.

ಶ್ರೀರಂಗಪಟ್ಟಣ ರಸಾಯನ

ಕಾಸ್ಟಿಕ್ ಸೋಡಾ ಬಳಸುವವರು ಇದನ್ನು ಓದಲೇಬೇಕು. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ಇದನ್ನು ಹಗುರವಾಗಿ ತೆಗೆದುಕೊಂಡು ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ. ನೀರಿಗೆ ಸೋಡಾ ಹಾಕಬೇಕು. ಸೋಡಾದ ಮೇಲೆ ನೀರು ಹೊಯ್ದರೆ ಕುದಿದು ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತಣ್ಣೀರು ತೆಗೆದುಕೊಂಡು ಸ್ವಲ್ಪ ಸ್ವಲ್ಪವಾಗಿ ಸುರಿದು ಕೋಲಿನಿಂದ ಕದಡಿ. ತಾನಾಗಿಯೇ ಬಿಸಿಯಾಗುತ್ತದೆ. ರಬ್ಬರ್ ಕೈಗವಸು ಮತ್ತು ಕಣ್ಣಿನ ಕನ್ನಡಕ ಕಡ್ಡಾಯ. ಮಕ್ಕಳು, ದನಕರು ಹತ್ತಿರ ಸುಳಿಯಬಾರದು. ಸೈಲೆನ್ಸರಿನ ಒಂದು ಬಾಯಿಗೆ ಮರದ ಬಿರಟೆ ಹೊಡೆದು, ನಿಲ್ಲಿಸಿ ತುಂಬಿಸಿ, ರಾತ್ರಿಯಿಡೀ ಬಿಡಿ. ಮೇಲಿನ ಬಾಯನ್ನು ಮುಚ್ಚಬೇಡಿ.

ಉಕ್ಕಿಗೆ ಇದರಿಂದ ತೊಂದರೆಯಿಲ್ಲ. ಅಲ್ಯೂಮಿನಿಯಮ್ಮಿಗೆ ಮಾತ್ರ ತಾಗಲೇಬಾರದು. ಅದು ಲೋಹವನ್ನು ತಿನ್ನುತ್ತದೆ, ಜೊತೆಗೆ ಬೆಂಕಿ ಹಿಡಿಯುವ ಹೈಡ್ರೋಜನ್ ಅನಿಲವನ್ನೂ ಬಿಡುತ್ತದೆ. ಆದ್ದರಿಂದ ಹೆಡ್, ಪಿಸ್ಟನ್, ಕಾರ್ಬ್ಯುರೇಟರ್ ಯಾವುದನ್ನೂ ಈ ನೀರಿನಲ್ಲಿ ಅದ್ದಬೇಡಿ. ಕೆಲಸ ಮುಗಿದ ಮೇಲೆ ಆ ಕಪ್ಪು ನೀರನ್ನು ವಿಶ್ವೇಶ್ವರಯ್ಯ ನಾಲೆಗೋ ಗದ್ದೆಯ ಕಾಲುವೆಗೋ ಚೆಲ್ಲಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅದರಲ್ಲಿ ಕ್ಷಾರವೂ ಇದೆ, ಸುಟ್ಟ ಎಣ್ಣೆಯೂ ಇದೆ. ಸೈಲೆನ್ಸರನ್ನು ಹಲವು ಸಲ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ, ಒಳಗೆ ಸ್ವಲ್ಪ ಎಂಜಿನ್ ಎಣ್ಣೆ ಆಡಿಸಿಡಿ. ಇಲ್ಲವಾದರೆ ತೊಳೆದ ಉಕ್ಕಿಗೆ ಬೇಗ ತುಕ್ಕು ಬರುತ್ತದೆ.

ಪಾಂಡವಪುರದ ರೋಡ್‌ಕಿಂಗ್

ಒಂದು ಪ್ರಶ್ನೆ ಉಳಿದಿದೆ. ಬ್ಲಾಕ್ ಬೋರಿಂಗ್ ಆಗಿ ಬಂದ ಮೇಲೆ ಮತ್ತೆ ಜೋಡಿಸುವಾಗ ಥ್ರೆಡ್ಡಿಗೆ ಗ್ರೀಸ್ ಹಚ್ಚಿದರೆ ಸಾಕೇ? ಕೊರಳಿನೊಳಗೆ ಹಳೆಯ ಪ್ಯಾಕಿಂಗಿನ ಚೂರುಗಳು ಬೂದು ಬಣ್ಣದಲ್ಲಿ ಅಂಟಿಕೊಂಡಿವೆ.

ಹೆಬ್ಬಾಳ ಲೇತ್

ಆ ಬೂದು ಚೂರುಗಳನ್ನು ಒಣದಾಗಿ ಕೆರೆಯಬೇಡಿ. ಆ ಕಾಲದ ಪ್ಯಾಕಿಂಗುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಹೆಚ್ಚು, ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ನೀರು ಚಿಮುಕಿಸಿ ಚೆನ್ನಾಗಿ ನೆನೆಸಿ, ಒದ್ದೆಯಿರುವಾಗಲೇ ಮರದ ಚಕ್ಕೆಯಿಂದ ತೆಗೆದು, ಚೀಲದಲ್ಲಿ ಕಟ್ಟಿ ಬಿಸಾಡಿ. ಗಾಳಿ ಊದಬೇಡಿ.

ಸಾಮಾನ್ಯ ಗ್ರೀಸ್ ಆ ಬಿಸಿಗೆ ಸುಟ್ಟು ಮತ್ತೆ ಕಾರ್ಬನ್ನೇ ಆಗುತ್ತದೆ. ತಾಮ್ರದ ಪುಡಿ ಬೆರೆತ, ಥ್ರೆಡ್ ಕಚ್ಚದಂತೆ ತಡೆಯುವ ಪೇಸ್ಟ್ ಆಟೋಮೊಬೈಲ್ ಅಂಗಡಿಗಳಲ್ಲಿ ಸಿಗುತ್ತದೆ. ಥ್ರೆಡ್ಡನ್ನು ವೈರ್ ಬ್ರಷ್ಷಿನಿಂದ ತೊಳೆದು ಅದನ್ನು ತೆಳ್ಳಗೆ ಹಚ್ಚಿ. ತಾಮ್ರದ ಪ್ಯಾಕಿಂಗ್ ರಿಂಗ್ ಹಾಕುವುದಾದರೆ ಮೊದಲು ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಉಕ್ಕಿನಂತೆ ಗಟ್ಟಿಯಾಗದೆ ತಾಮ್ರ ಮೆದುವಾಗುತ್ತದೆ, ಸರಿಯಾಗಿ ಅಮರಿ ಕೂರುತ್ತದೆ. ಮುರಿದ ಕಚ್ಚಿನ ನಟ್ ತಂದರೆ ಅದೇ ಅಳತೆಗೆ ಹೊಸದು ತಿರುಗಿಸಿಕೊಡುತ್ತೇನೆ.

ಜೋಡಿಸುವಾಗ ಮುಂದಿನ ನಟ್ಟನ್ನು ಮೊದಲು ಕೈಯಿಂದಲೇ ಕೊನೆಯವರೆಗೆ ಕೂರಿಸಿ, ಆಮೇಲೆ ಕ್ಲ್ಯಾಂಪ್, ಆಮೇಲೆ ಹಿಂಬದಿಯ ಬೋಲ್ಟ್. ಎಲ್ಲ ಎಳೆತವಿಲ್ಲದೆ ಕೂತಿದೆ ಎಂದು ಖಾತ್ರಿಯಾದ ಮೇಲೆ ನಟ್ಟನ್ನು ಪಾನಾದಲ್ಲಿ ಬಿಗಿಸಿ. ಮೊದಲ ಸವಾರಿ ಮುಗಿಸಿ ಎಂಜಿನ್ ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿಸಿ ನೋಡಿ. ಪ್ಯಾಕಿಂಗ್ ಕೂತು ನಟ್ ಸ್ವಲ್ಪ ಸಡಿಲಾಗಿರುತ್ತದೆ.